ಆಂಟಿಕ್ ಹಾರ, ಬಾಡಿಗೆ ಸೆಟ್, ಅವಲಕ್ಕಿ ಸರ: ಒಂದೇ ಮನೆಯ ಎರಡು ಮದುವೆಗಳ ಲೆಕ್ಕ

ಮಗಳ ಮದುವೆಗೆ ಕಲ್ಲು ಕೂರಿಸಿದ ಆಂಟಿಕ್ ಹಾರವನ್ನು ಕೊಂಡೆವು. ಎರಡು ವರ್ಷಗಳ ನಂತರ ಮಗನ ಮದುವೆಯಾದಾಗ ಸೊಸೆಗೆ ಅವಲಕ್ಕಿ ಸರವನ್ನು ಮಾಡಿಸಿ, ಫೋಟೋಗೆ ಬೇಕಾದ ಉಳಿದ ವೈಭವವನ್ನೆಲ್ಲ ಬಾಡಿಗೆಗೆ ತಂದೆವು. ಎರಡೂ ದಾರಿಗಳನ್ನು ಒಂದೇ ಮನೆಯ ದುಡ್ಡಿನಲ್ಲಿ ನೋಡಿದ ಮೇಲೆ ನನ್ನ ಮತ ಅವಲಕ್ಕಿ ಸರಕ್ಕೇ ಇದೆ. ಅದನ್ನು ಕೊನೆಯವರೆಗೆ ಬಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ.

ಈಗ ಮೈಸೂರಿನ ಅಶೋಕ ರಸ್ತೆಗೆ ಹೋಗಿ ಮದುವೆಯ ಒಡವೆ ಬೇಕೆಂದು ಕೇಳಿದರೆ ಅಂಗಡಿಯವರು ಮೊದಲು ಮುಂದಿಡುವುದು ಆಂಟಿಕ್ ಹಾರವನ್ನು, ಅಂದರೆ ಹೊಸದಾಗಿದ್ದರೂ ಹಳೆಯದರಂತೆ ಕಾಣುವ ಮಂಕು ಮೆರುಗಿನ ಲಕ್ಷ್ಮಿ ಹಾರವನ್ನು. ಉಬ್ಬು ಕೆತ್ತನೆಯ ನಕ್ಷಿ ಕೆಲಸ, ಕೆಂಪು ಹಸಿರು ಕಲ್ಲು, ಅಂಚಿಗೆ ಮುತ್ತಿನ ಗೊಂಚಲು. ಕತ್ತಿಗೆ ಅಂಟಿಕೊಂಡಂತೆ ಒಂದು, ಎದೆಯ ಮೇಲೆ ಒಂದು, ಹೊಟ್ಟೆಯವರೆಗೆ ಇಳಿಯುವುದು ಇನ್ನೊಂದು ಎಂದು ಮೂರು ಪದರಗಳಲ್ಲಿ ತೊಡುವುದು ಇಂದಿನ ರೂಢಿ. ನೋಡಲು ಚೆಂದವಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಧಾರೆಯ ದಿನ ಬಂದವರೆಲ್ಲ ಮಗಳ ಮುಖಕ್ಕಿಂತ ಮೊದಲು ಹಾರವನ್ನೇ ಹೊಗಳಿದರು. ಆಮೇಲೆ ಅದು ನಾದಿನಿಯ ಗೃಹಪ್ರವೇಶಕ್ಕೆ ಹೊರಬಂದದ್ದು ಬಿಟ್ಟರೆ ಬ್ಯಾಂಕಿನ ಲಾಕರಿನಲ್ಲಿಯೇ ಇತ್ತು. ಅಷ್ಟು ದೊಡ್ಡ ಒಡವೆಯನ್ನು ಸಾಧಾರಣ ಸೀರೆಯ ಮೇಲೆ ಹಾಕಿಕೊಳ್ಳಲು ಮಗಳಿಗೆ ಮುಜುಗರ.

ತೊಡಕು ಶುರುವಾದದ್ದು, ಆ ಹಾರವನ್ನು ಕೊಟ್ಟು ದಿನವೂ ತೊಡುವ ಬಳೆಗಳನ್ನು ತೆಗೆದುಕೊಳ್ಳೋಣವೆಂದು ಮಗಳು ಹೇಳಿದಾಗ. ಬಿಲ್ಲಿನಲ್ಲಿ ಹಾರದ ಒಟ್ಟು ತೂಕ 62 ಗ್ರಾಂ, ಚಿನ್ನದ ನಿವ್ವಳ ತೂಕ 51 ಗ್ರಾಂ ಎಂದಿತ್ತು. ನಕ್ಷಿ ಕೆಲಸವೆಂದು ವೇಸ್ಟೇಜನ್ನು, ಅಂದರೆ ಒಡವೆ ಮಾಡುವಾಗ ಸವೆಯಿತೆಂದು ಹಿಡಿಯುವ ಚಿನ್ನವನ್ನು, ಶೇಕಡ 21ರಷ್ಟು ಹಾಕಿದ್ದರು. ಅಂದರೆ ಕೈಗೆ ಬಾರದ ಸುಮಾರು 10.7 ಗ್ರಾಂ ಚಿನ್ನಕ್ಕೆ ಅಂದಿನ ದರದಲ್ಲಿ ದುಡ್ಡು ಕಟ್ಟಿದ್ದೆವು. ಅದು ಹೋಯಿತೆಂದು ಕೊಳ್ಳುವ ದಿನವೇ ಗೊತ್ತಿತ್ತು. ಕಲ್ಲು ಮುತ್ತುಗಳಿಗೆಂದು ಬೇರೆಯಾಗಿ ತೆಗೆದುಕೊಂಡ 28,000 ರೂಪಾಯಿಗೆ ಹಿಂದಿರುಗಿಸುವಾಗ ಒಂದು ಪೈಸೆಯ ಬೆಲೆಯೂ ಇಲ್ಲ ಎಂಬುದನ್ನು ಮಾತ್ರ, ಕೊಂಡ ದಿನ ಕಾಫಿ ತರಿಸಿ ಕೊಟ್ಟಿದ್ದ ಆ ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ.

ಅದಕ್ಕಿಂತ ಹೆಚ್ಚು ಕಾಡಿದ್ದು ತೂಕದ ವಿಷಯ. ನಮ್ಮ ಬಿಲ್ಲಿನಲ್ಲಿದ್ದ 51 ಗ್ರಾಮನ್ನು ಅದೇ ಅಂಗಡಿಯವರು ಒಪ್ಪಲಿಲ್ಲ. ಕಲ್ಲು ಬಿಡಿಸಿ ತೂಗಿದ ಮೇಲೆಯೇ ಲೆಕ್ಕವೆಂದರು. ಒಳಗಿನಿಂದ ಕೆಲಸದವನು ಬಂದು ಚಿಮಟಿಯಂತಹ ಒಂದು ಉಪಕರಣದಿಂದ ಕಲ್ಲುಗಳನ್ನು ಒಂದೊಂದಾಗಿ ಎಬ್ಬಿಸತೊಡಗಿದ. ಪ್ರತಿ ಕಲ್ಲಿನ ಹಿಂದೆಯೂ ಒಣಗಿದ ಅರಗಿನ ಪುಡಿ ಉದುರುತ್ತಿತ್ತು. ಇಂತಹ ಹಾರಗಳಲ್ಲಿ ಉಬ್ಬಿದ ಲಕ್ಷ್ಮಿಯ ವಿಗ್ರಹ ಒಳಗೆ ಟೊಳ್ಳಾಗಿರುತ್ತದೆ, ಕಲ್ಲು ಅಲುಗಾಡದಂತೆ ಅರಗು ತುಂಬಿರುತ್ತಾರೆ, ಆ ಅರಗಿನ ತೂಕ ಎಷ್ಟೆಂಬುದು ಒಡವೆ ಸಿದ್ಧವಾದ ಮೇಲೆ ಹೊರಗಿನಿಂದ ನೋಡಿದವರಿಗೆ ತಿಳಿಯುವ ಉಪಾಯವೇ ಇಲ್ಲ. ಎಲ್ಲವೂ ಮುಗಿದಾಗ ತಕ್ಕಡಿಯ ಮೇಲೆ ಉಳಿದದ್ದು 48.6 ಗ್ರಾಂ. ಬಿಡಿಸಿದ ಮೇಲೆ ಬೇಡವೆಂದು ಹಿಂದಕ್ಕೆ ತರುವಂತೆಯೂ ಇರಲಿಲ್ಲ, ಏಕೆಂದರೆ ಅದು ಆಗ ಹಾರವಾಗಿ ಉಳಿದಿರಲಿಲ್ಲ.

ಚಿನ್ನದ ಶುದ್ಧತೆಯ ಬಗ್ಗೆ ತಕರಾರು ಇರಲಿಲ್ಲವೆಂಬುದನ್ನೂ ಹೇಳಬೇಕು. ಹಾಲ್‌ಮಾರ್ಕಿನ ಮೂರು ಗುರುತುಗಳಾದ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮುದ್ರೆ, 22 ಕ್ಯಾರಟ್ ಶುದ್ಧತೆ ತಿಳಿಸುವ 916, ಪ್ರತಿ ಒಡವೆಗೂ ಬೇರೆಯಾಗಿರುವ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಮೂರೂ ಇದ್ದವು. ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿದಾಗ ವಿವರ ಸರಿಯಾಗಿಯೇ ಹೊಂದಿತು. 2023ರ ಏಪ್ರಿಲ್ 1ರಿಂದ ಈ ಸಂಖ್ಯೆಯಿಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ಆದರೆ ಹಾಲ್‌ಮಾರ್ಕ್ ಹೇಳುವುದು ಚಿನ್ನ ಎಷ್ಟು ಶುದ್ಧ ಎಂಬುದನ್ನು. ಒಡವೆಯೊಳಗೆ ಅರಗೆಷ್ಟು, ಕಲ್ಲೆಷ್ಟು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಕಲ್ಲು ಕೂರಿಸಿ ಮಾಡುವ ಕುಂದನ್, ಪೋಲ್ಕಿ, ಜಡಾವು ಒಡವೆಗಳಿಗಂತೂ ಕಡ್ಡಾಯ ಹಾಲ್‌ಮಾರ್ಕಿನಿಂದಲೇ ವಿನಾಯಿತಿ ಇದೆ. ಕುಂದನ್ ಚೋಕರ್ ತೋರಿಸಲು ಬಂದವರಿಗೆ ನಾನು ಮಗನ ಮದುವೆಯ ಹೊತ್ತಿಗೆ ಬೇಡವೆಂದು ಕೈ ಮುಗಿದದ್ದು ಇದೇ ಕಾರಣಕ್ಕೆ.

ಸೊಸೆಯ ಅವಲಕ್ಕಿ ಸರ ಎರಡೆಳೆಯದು, 40 ಗ್ರಾಂ. ಮಂಡ್ಯದ ಪೇಟೆ ಬೀದಿಯಲ್ಲಿ ನಮ್ಮ ಅತ್ತೆಯ ಕಾಲದಿಂದಲೂ ಹೋಗುವ ಅಂಗಡಿಯಲ್ಲಿ ಮಾಡಿಸಿದ್ದು. ವೇಸ್ಟೇಜ್ ಶೇಕಡ 11, ಅಂದರೆ 4.4 ಗ್ರಾಂ. ಕಲ್ಲಿಲ್ಲ, ಮುತ್ತಿಲ್ಲ, ಅರಗಿಲ್ಲ. ತಕ್ಕಡಿ ತೋರಿಸಿದ್ದಷ್ಟೂ ಚಿನ್ನವೇ. ಚಪ್ಪಟೆ ತುಣುಕುಗಳು ಒಂದರ ಪಕ್ಕ ಒಂದು ಒತ್ತಾಗಿ ಕೂತಿರುವುದರಿಂದ ಬೆಳಕು ಬಿದ್ದಾಗ ಸರವೆಲ್ಲ ಸಣ್ಣಗೆ ಮಿನುಗುತ್ತದೆ. ಯುಗಾದಿ, ಗೌರಿ ಹಬ್ಬ, ಊರ ದೇವರ ಹಬ್ಬ, ನೆಂಟರ ಮನೆಯ ನಾಮಕರಣ ಯಾವುದಕ್ಕಾದರೂ ಅದನ್ನು ಹಾಕಿಕೊಂಡು ಹೋಗುತ್ತಾಳೆ. ಸಂದಿಗಳಲ್ಲಿ ಬೆವರು, ಪೌಡರು ಸೇರಿಕೊಳ್ಳುವುದು ಅದರ ದೋಷ. ಅಂಟುವಾಳದ ನೀರಿನಲ್ಲಿ ನೆನೆಸಿ ಮೆತ್ತನೆಯ ಬ್ರಷ್ಷಿನಲ್ಲಿ ಉಜ್ಜಬೇಕಾಗುತ್ತದೆ.

ಅವಲಕ್ಕಿ ಸರವೊಂದೇ ಮದುಮಗಳ ಕತ್ತನ್ನು ತುಂಬುವುದಿಲ್ಲವೆಂಬುದು ನಿಜ. ಆರತಕ್ಷತೆಗೆ ಉದ್ದ ಹಾರ, ಡಾಬು, ವಂಕಿ, ಜಡೆಬಿಲ್ಲೆ, ಬೈತಲೆಬೊಟ್ಟು ಸೇರಿದ ಇಡೀ ಸೆಟ್ಟನ್ನು ಮೈಸೂರಿನಲ್ಲಿ 6,500 ರೂಪಾಯಿ ಬಾಡಿಗೆಗೆ ತಂದೆವು; ಠೇವಣಿ ಬೇರೆ. ತಾಮ್ರದ ಮೇಲೆ ಚಿನ್ನದ ಲೇಪವಿರುವ ಒಡವೆಗಳವು. ಕ್ಯಾಮೆರಾದ ಕಣ್ಣಿಗೆ ಮಗಳ ಹಾರಕ್ಕೂ ಇವಕ್ಕೂ ವ್ಯತ್ಯಾಸ ಕಾಣಲಿಲ್ಲ, ಎರಡು ಆಲ್ಬಮ್ಮುಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ್ದೇನೆ. ಹಾರದ ಹಿಂಬದಿಯ ಒರಟು ಅಂಚು ಕತ್ತಿನ ಬಳಿ ಸ್ವಲ್ಪ ಗೀರಿತು, ಅಷ್ಟೇ. ಬಾಡಿಗೆಯ ಒಡವೆ ಹಾಕುವುದು ಮನೆತನಕ್ಕೆ ಕಡಿಮೆ ಎಂದು ಗೊಣಗಿದ ಹಿರಿಯರಿದ್ದರು. ಅವರಾರೂ ವೇಸ್ಟೇಜ್ ಕಟ್ಟಿಕೊಡಲು ಮುಂದೆ ಬರಲಿಲ್ಲ.

ಉಂಗುರಗಳಲ್ಲಿಯೂ ಇಂತಹದೇ ಹೋಲಿಕೆ ತಾನಾಗಿ ನಡೆಯಿತು. ಮೊದಲು ವರನಿಗೆ ಮಾವನ ಮನೆಯಿಂದ ಒಂದು ಉಂಗುರ ಹೋದರೆ ಸಾಕಿತ್ತು. ಈಗ ನಿಶ್ಚಿತಾರ್ಥದಲ್ಲಿ ಇಬ್ಬರೂ ತೊಡಿಸಿಕೊಳ್ಳಬೇಕು. ಮಗಳಿಗೆ ಬಂದದ್ದು 18 ಕ್ಯಾರಟ್ಟಿನ ಚಿನ್ನದಲ್ಲಿ ಲ್ಯಾಬಿನಲ್ಲಿ ಬೆಳೆಸಿದ ಒಂಟಿ ವಜ್ರ. ಗಣಿಯ ವಜ್ರದಂತೆ ಇದೂ ಅಪ್ಪಟ ಇಂಗಾಲವೇ, ಹೊಳಪಿನಲ್ಲಿ ಕೊರತೆಯಿಲ್ಲ, ಬೆಲೆ ಬಹಳ ಕಡಿಮೆ. ಆದರೆ ಕಲ್ಲನ್ನು ಹಿಡಿದಿರುವ ಎತ್ತರದ ಕಡ್ಡಿಗಳು ಮೈಸೂರು ಸಿಲ್ಕಿನ ಕ್ರೇಪ್ ಸೀರೆಯ ನೆರಿಗೆ ಸರಿಮಾಡುವಾಗ ಎಳೆಗೆ ಸಿಕ್ಕಿ, ಸೆರಗಿನುದ್ದಕ್ಕೂ ಗೀಟೆಳೆದಂತೆ ದಾರ ಜಗ್ಗಿಬಿಟ್ಟಿತು. ಮಗನಿಗೆ ಪ್ಲಾಟಿನಂ ಬೇಕೆನಿಸಿತ್ತು. ಮದುವೆಯಾದ ಮೇಲೆ ಬೆರಳು ದಪ್ಪವಾಯಿತು, ಅಳತೆ ದೊಡ್ಡದು ಮಾಡಲು ನಮ್ಮ ಆಚಾರಿ ಒಪ್ಪಲಿಲ್ಲ. ಚಿನ್ನ 1,064 ಡಿಗ್ರಿಗೆ ಕರಗಿದರೆ ಪ್ಲಾಟಿನಂ ಕರಗುವುದು 1,768 ಡಿಗ್ರಿ ಸೆಲ್ಸಿಯಸ್ಸಿಗೆ, ಅದಕ್ಕೆ ತಕ್ಕ ಉರಿ ಅವರ ಬಳಿ ಇಲ್ಲ. ಸೊಸೆಯ 22 ಕ್ಯಾರಟ್ ಸಾದಾ ಉಂಗುರವನ್ನು ಅದೇ ಆಚಾರಿ ಕಣ್ಣೆದುರಿಗೇ ಸಡಿಲ ಮಾಡಿಕೊಟ್ಟರು.

ನನ್ನ ಆಯ್ಕೆಯ ಹಿಂದೆ ಮನೆಯ ಪರಿಸ್ಥಿತಿಯೂ ಇದೆ. ನಮ್ಮದು ಕಬ್ಬು ಬೆಳೆಯುವ ಮನೆ. ಕಾರ್ಖಾನೆಯಿಂದ ಬಾಕಿ ಹಣ ಬರುವವರೆಗೆ ಗೊಬ್ಬರಕ್ಕೋ ಕೂಲಿಗೋ ಒಡವೆಯನ್ನು ಬ್ಯಾಂಕಿನಲ್ಲಿ ಅಡವಿಡುವುದು, ಹಣ ಬಂದ ಮೇಲೆ ಬಿಡಿಸಿ ತರುವುದು ನಮಗೆ ಹೊಸದಲ್ಲ. ಅಲ್ಲಿ ಸಾಲಕ್ಕೆ ಲೆಕ್ಕವಾಗುವುದು ಚಿನ್ನವೇ ಹೊರತು ಕಲ್ಲಲ್ಲ. ಕಲ್ಲಿನ ಹಾರವನ್ನು ಕಂಡರೆ ಒಡವೆಗೆ ಬೆಲೆ ಕಟ್ಟುವ ಅಪ್ರೈಸರ್ ಅಂದಾಜಿನ ಮೇಲೆ ಧಾರಾಳವಾಗಿ ತೂಕ ಕಳೆಯುತ್ತಾರೆ; ಅವಲಕ್ಕಿ ಸರವನ್ನು ಒರೆಗಲ್ಲಿಗೆ ಹಚ್ಚಿ, ತೂಗಿ, ಚೀಟಿ ಬರೆದು ಕೊಡುತ್ತಾರೆ.

ಮುಂದಿನ ಮದುವೆ ಮೈಸೂರಿನಲ್ಲಿರುವ ತಂಗಿಯ ಮಗಳದು, ಅವಳಿಗೆ ಆಂಟಿಕ್ ಹಾರವೇ ಬೇಕಂತೆ. ಅಪ್ಪ ಅಮ್ಮ ಇಬ್ಬರೂ ಸಂಬಳ ತರುವವರು, ಅಡವಿಡುವ ಪ್ರಮೇಯ ಅವರಿಗಿಲ್ಲ, ಆದ್ದರಿಂದ ಬೇಡವೆಂದು ನಾನು ಹಟ ಹಿಡಿದಿಲ್ಲ. ಕಲ್ಲು ಕಡಿಮೆಯಿರುವ ನಕ್ಷಿ ಹಾರವನ್ನೇ ನೋಡಿ, ಕಲ್ಲು, ಮುತ್ತು, ಅರಗು ಮೂರರ ತೂಕವನ್ನೂ ಬೇರೆಬೇರೆಯಾಗಿ ಬಿಲ್ಲಿನಲ್ಲಿ ಬರೆಸಿ, ಹಿಂದಿರುಗಿಸುವಾಗ ಅದೇ ನಿವ್ವಳ ತೂಕವನ್ನು ಒಪ್ಪುವುದಾಗಿ ಅಂಗಡಿಯವರಿಂದ ಅದರ ಮೇಲೆಯೇ ಸಹಿ ಹಾಕಿಸಿಕೊಂಡು ಬನ್ನಿ ಎಂದು ಹೇಳಿ ಕಳುಹಿಸಿದ್ದೇನೆ.