ಮಿನಿ ಟ್ರ್ಯಾಕ್ಟರಿನ ರೋಲ್ ಬಾರ್ ಮಡಚಿಟ್ಟವರು ಒಮ್ಮೆ ಓದಿ

ಎಡಗೈಯಲ್ಲಿ ಟೈಪ್ ಮಾಡ್ತಿದ್ದೇನೆ, ತಪ್ಪಿದ್ದರೆ ತಿದ್ದಿಕೊಂಡು ಓದಿ. ಬಲಗಡೆ ಹೆಗಲಿನ ಮೂಳೆ ಮುರಿದು ಮೂರು ವಾರ ಆಯ್ತು. ಎರಡು ಪಕ್ಕೆಲುಬು ಬಿರುಕು ಬಿಟ್ಟಿವೆ. ನಕ್ಕರೂ ನೋವು, ಸೀನು ಬಂದರಂತೂ ಕೇಳಲೇಬೇಡಿ.

ನಮ್ಮದು ಸಿದ್ದಾಪುರದ ಕಡೆ ಅಡಿಕೆ ತೋಟ. ಮರದಿಂದ ಮರಕ್ಕೆ 9 ಅಡಿ. ದೊಡ್ಡ ಟ್ರ್ಯಾಕ್ಟರ್ ಅಲ್ಲಿ ತಿರುಗೋದಿಲ್ಲ ಅಂತ ಎರಡು ವರ್ಷದ ಹಿಂದೆ ಮಿನಿ ಟ್ರ್ಯಾಕ್ಟರ್ ತಗೊಂಡೆ. ಸೀಟಿನ ಹಿಂದೆ ಕಮಾನಿನ ಹಾಗೆ ಒಂದು ದಪ್ಪ ಕಬ್ಬಿಣದ ಕಂಬಿ ನಿಂತಿರುತ್ತದಲ್ಲ, ಅದೇ ರೋಲ್ ಬಾರ್, ಗಾಡಿ ಮಗುಚಿದರೆ ಓಡಿಸುವವನನ್ನು ಕಾಪಾಡಲು ಇರುವಂಥದ್ದು. ಗಾಡಿ ಬಂದ ದಿನವೇ ಅದು ಅಂಗಳದ ಚಪ್ಪರಕ್ಕೆ ತಾಗಿತು. ಎರಡೂ ಪಿನ್ ಕಿತ್ತು ಹಿಂದಕ್ಕೆ ಮಡಚಿದೆ, ಸಂಜೆ ಎತ್ತಿದರಾಯ್ತು ಅಂತ. ಆ ಸಂಜೆ ಎರಡು ವರ್ಷವಾದರೂ ಬರಲಿಲ್ಲ. ಒಂದು ಪಿನ್ ಎಲ್ಲೋ ಹೋಯ್ತು, ಇನ್ನೊಂದು ಟೂಲ್ ಬಾಕ್ಸಿನಲ್ಲಿ ತುಕ್ಕು ಹಿಡಿದು ಕೂತಿತ್ತು. ಕಂಬಿ ಅಲ್ಲಾಡಿ ಕಟಕಟ ಅನ್ನುತ್ತದೆ ಅಂತ ಬೈಂಡಿಂಗ್ ತಂತಿ ಬೇರೆ ಸುತ್ತಿದ್ದೆ. ಸೀಟ್ ಬೆಲ್ಟಾ? ಅದರ ಮೇಲೇ ಕೂತಿರ್ತಿದ್ದೆ.

ಅವತ್ತು ಟ್ರೇಲರಿಗೆ ಗೊಬ್ಬರ ತುಂಬಿಕೊಂಡು ಮನೆಯಿಂದ ತೋಟಕ್ಕೆ ಇಳಿಯುತ್ತಿದ್ದೆ. ದಾರಿಗೆ ಎಡಕ್ಕೆ ಧರೆ, ಅಂದರೆ ಕಡಿದಾದ ಮಣ್ಣಿನ ಗೋಡೆ, ಬಲಕ್ಕೆ ಆಳು ಎತ್ತರದ ಇಳಿಜಾರು. ಹಿಂದಿನ ರಾತ್ರಿ ಮಳೆ ಬಂದು ಮಣ್ಣು ಜಾರುತ್ತಿತ್ತು. ಇಲ್ಲಿ ನಾನು ಮಾಡಿದ ತಪ್ಪು ಒಂದಲ್ಲ. ಗೇರ್ ದೊಡ್ಡದಿತ್ತು. ವೇಗ ಜಾಸ್ತಿಯಾಯ್ತು ಅನ್ನಿಸಿದಾಗ ಕಾರಿನ ಅಭ್ಯಾಸದಲ್ಲಿ ಕ್ಲಚ್ ಒತ್ತಿಬಿಟ್ಟೆ. ಕ್ಲಚ್ ಒತ್ತಿದರೆ ಎಂಜಿನ್ನಿನ ಹಿಡಿತ ಹೋಯ್ತು, ಹಿಂದಿನಿಂದ ಗೊಬ್ಬರದ ಟ್ರೇಲರ್ ಸುಮ್ನೆ ದೂಡಿಕೊಂಡು ಬರುತ್ತದೆ. ಗಾಬರಿಯಲ್ಲಿ ಬ್ರೇಕ್ ತುಳಿದೆ.

ಟ್ರ್ಯಾಕ್ಟರಿನಲ್ಲಿ ಬ್ರೇಕ್ ಪೆಡಲ್ ಎರಡು, ಒಂದು ಎಡ ಚಕ್ರಕ್ಕೆ, ಒಂದು ಬಲ ಚಕ್ರಕ್ಕೆ. ಸಾಲಿನ ಕೊನೆಯಲ್ಲಿ ಗಿರಕಿ ಹೊಡೆಸಲು ಒಂದನ್ನೇ ತುಳಿಯುತ್ತೇವೆ. ರಸ್ತೆಗೆ ಬಂದಾಗ ಎರಡನ್ನೂ ಸೇರಿಸಿ ಕೊಂಡಿ ಹಾಕಬೇಕು. ನಾನು ಬೆಳಿಗ್ಗೆ ತೋಟದಲ್ಲಿ ತೆಗೆದಿದ್ದ ಕೊಂಡಿ ಹಾಗೇ ಇತ್ತು. ಕಾಲು ಬಿದ್ದದ್ದು ಬಲಗಡೆ ಪೆಡಲಿನ ಮೇಲೆ ಮಾತ್ರ. ಮೂತಿ ಗಕ್ಕನೆ ಬಲಕ್ಕೆ ತಿರುಗಿತು, ಬಲಗಡೆ ಚಕ್ರ ಅಂಚು ದಾಟಿತು. ಹಾರೋಣ ಅಂತ ಯೋಚಿಸುವಷ್ಟೂ ಹೊತ್ತು ಇರಲಿಲ್ಲ ಮಾರಾಯ್ರೇ. ಕೆಳಗೆ ಬಿದ್ದವನು ಮೊದಲು ನಾನು, ನನ್ನ ಮೇಲೆ ಬರುತ್ತಿದ್ದದ್ದು ಗಾಡಿ.

ಬದುಕಿದ್ದು ಹೇಗೆ ಅಂದರೆ, ಒಂದು ಹಳೇ ಮತ್ತಿ ಮರದ ಬುಡ. ಗಾಡಿ ಅದಕ್ಕೆ ಆನಿಕೊಂಡು ನಿಂತಿತು. ಮಡ್‌ಗಾರ್ಡಿನ ಅಂಚಿಗೂ ನನ್ನ ಎದೆಗೂ ಮಧ್ಯೆ ಒಂದು ಗೇಣು ಜಾಗ. ಎಂಜಿನ್ ಓಡುತ್ತಲೇ ಇತ್ತು, ಡೀಸೆಲ್ ತೊಟ್ಟಿಕ್ಕುತ್ತಿತ್ತು. ಹಿಂದೆ ನಡೆದುಕೊಂಡು ಬರುತ್ತಿದ್ದ ಅಕ್ಕನ ಮಗ ಓಡಿ ಬಂದು ಸ್ಟಾಪ್ ನಾಬ್ ಎಳೆದ. "ಮಾವ, ಅಲ್ಲಾಡಬೇಡ, ಅಲ್ಲಾಡಬೇಡ" ಅಂತ ಅಳುತ್ತಲೇ ಇದ್ದ. ಅವನು ಸಾಮಾನ್ಯವಾಗಿ ಮಡ್‌ಗಾರ್ಡಿನ ಮೇಲೆ ಕೂತು ಬರ್ತಾನೆ. ಅವತ್ತು ಚಪ್ಪಲಿ ಕಿತ್ತುಹೋಯ್ತು ಅಂತ ಇಳಿದಿದ್ದ. ಅದನ್ನು ನೆನೆಸಿಕೊಂಡರೆ ಈಗಲೂ ರಾತ್ರಿ ಎಚ್ಚರ ಆಗುತ್ತದೆ.

ಗಾಡಿ ಎತ್ತಲು ಬಂದ ಮೆಕ್ಯಾನಿಕ್ ಮೊದಲು ನೋಡಿದ್ದೇ ತಂತಿ ಸುತ್ತಿದ ಕಂಬಿಯನ್ನು. "ಹೆಗಡೇರೆ, ಇದು ಎತ್ತಿದ್ದು, ಬೆಲ್ಟ್ ಹಾಕಿದ್ದಿದ್ದರೆ ನೀವು ಸೀಟಿನಲ್ಲೇ ಇರ್ತಿದ್ರಿ" ಅಂದರು. ಲೆಕ್ಕ ಇಷ್ಟೇ. ಕಂಬಿ ನಿಂತಿದ್ದರೆ ಗಾಡಿ ಬಹಳಷ್ಟು ಸಲ ಮಗ್ಗುಲಿಗೆ ಬಿದ್ದು ಅಲ್ಲೇ ನಿಲ್ಲುತ್ತದೆ. ಪೂರ್ತಿ ಮಗುಚಿದರೂ ಸೀಟಿನ ಸುತ್ತ ಒಂದಿಷ್ಟು ಜಾಗ ಉಳಿಯುತ್ತದೆ. ಬೆಲ್ಟ್ ನಿಮ್ಮನ್ನು ಆ ಜಾಗದಲ್ಲಿ ಹಿಡಿದಿಡುತ್ತದೆ. ಬೆಲ್ಟ್ ಇಲ್ಲದಿದ್ದರೆ ಹೊರಗೆ ಬಿದ್ದು ಅದೇ ಕಂಬಿಯ ಅಡಿಗೇ ಸಿಕ್ಕಬಹುದು. ಇನ್ನೊಂದು ವಿಷಯ ನನಗೂ ಗೊತ್ತಿರಲಿಲ್ಲ. ಕಂಬಿ ಮಡಚಿದ್ದಾಗ ಬೆಲ್ಟ್ ಹಾಕಲೇಬಾರದು. ಹಾಕಿದರೆ ಮಗುಚುವ ಗಾಡಿಗೆ ನಿಮ್ಮನ್ನು ನೀವೇ ಕಟ್ಟಿಕೊಂಡ ಹಾಗೆ. ತಗ್ಗಾದ ಕೊಂಬೆಯ ಕೆಳಗೆ, ಶೆಡ್ಡಿನೊಳಗೆ ಹೋಗುವಾಗ ಮಡಚಿ, ಹೊರಗೆ ಬಂದ ತಕ್ಷಣ ಎತ್ತಿ, ಪಿನ್ ಹಾಕಿ, ಬೆಲ್ಟ್ ಹಾಕಿ. ಸ್ವೀಡನ್ ದೇಶದಲ್ಲಿ ಹೊಸ ಟ್ರ್ಯಾಕ್ಟರಿಗೆ ಈ ರಕ್ಷಣೆ 1959ರಲ್ಲೇ ಕಡ್ಡಾಯ ಆಯ್ತಂತೆ. ನಾನು ಇಷ್ಟು ವರ್ಷದ ಮೇಲೆ ಅದಕ್ಕೆ ತಂತಿ ಸುತ್ತಿದ್ದೆ.

ಬಿಸಿಲಿಗೆ ಹಾಕಿಸುವ ಟಾಪ್ ಇದೆಯಲ್ಲ, ಅದು ಕಾಪಾಡುತ್ತದೆ ಅಂತ ನಂಬಬೇಡಿ, ಅದು ಬರೀ ನೆರಳಿಗೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಜಿಐ ಪೈಪ್ ಬಗ್ಗಿಸಿ ಕಂಬಿ ಮಾಡಿಸುವುದೂ ಬೇಡ. ಗಾಡಿಯ ಭಾರ ಮೇಲೆ ಬಿದ್ದಾಗ ಅದು ಎಲ್ಲಿ ಮುರಿಯುತ್ತದೆ ಅಂತ ಯಾರಿಗೂ ಗೊತ್ತಿರೋದಿಲ್ಲ. ಒಮ್ಮೆ ಬಿದ್ದು ಸೊಟ್ಟಗಾದ ಕಂಬಿಯನ್ನು ಬಡಿದು ನೆಟ್ಟಗೆ ಮಾಡಿ ಹಾಕಿಕೊಳ್ಳಬೇಡಿ, ಬದಲಾಯಿಸಿ.

ಇಳಿಜಾರಿನಲ್ಲಿ ಇಳಿಯುವ ಮೊದಲೇ ಸಣ್ಣ ಗೇರಿಗೆ ಹಾಕಿ, ಮಧ್ಯದಲ್ಲಿ ಕ್ಲಚ್ ಮುಟ್ಟಬೇಡಿ. ಫೋರ್ ವೀಲ್ ಡ್ರೈವ್ ಇದ್ದರೆ ಅದನ್ನೂ ಹಾಕಿಕೊಂಡೇ ಇಳಿಯಿರಿ, ಮುಂದಿನ ಚಕ್ರವೂ ಹಿಡಿತ ಕೊಡುತ್ತದೆ. ದಿಮ್ಮಿ ಎಳೆಯುವವರು ಸರಪಳಿಯನ್ನು ಡ್ರಾಬಾರಿಗೇ, ಅಂದರೆ ಗಾಡಿಯ ಹಿಂದೆ ಕೆಳಗಿರುವ ಎಳೆಯುವ ಪಟ್ಟಿಗೇ ಕಟ್ಟಬೇಕು. ಅದಕ್ಕಿಂತ ಮೇಲಿರುವ ಟಾಪ್ ಲಿಂಕಿಗೋ (ಉಪಕರಣ ಜೋಡಿಸುವ ಮೇಲಿನ ಕೊಂಡಿ) ಹಿಂದಿನ ಚಕ್ರದ ಆಕ್ಸಲಿಗೋ ಕಟ್ಟಿ ಎಳೆದರೆ ಮೂತಿ ಎದ್ದು ಗಾಡಿ ಹಿಂದಕ್ಕೆ ಮಗುಚಲು ಒಂದೂವರೆ ಸೆಕೆಂಡ್ ಸಾಕು. ಗದ್ದೆ ಕೆಸರಿನಲ್ಲಿ ಹಿಂದಿನ ಚಕ್ರ ಹೂತಾಗ ಚಕ್ರಕ್ಕೆ ಮರದ ತುಂಡು ಕಟ್ಟಿ ಮುಂದಕ್ಕೆ ಎಬ್ಬಿಸುವವರನ್ನು ನಾನೇ ನೋಡಿದ್ದೇನೆ. ಚಕ್ರ ತಿರುಗದಿದ್ದರೆ ಗಾಡಿಯೇ ತಿರುಗುತ್ತದೆ ಸ್ವಾಮಿ. ರಿವರ್ಸಿನಲ್ಲಿ ತೆಗೆಯಿರಿ, ಆಗಲಿಲ್ಲ ಅಂದರೆ ಇನ್ನೊಂದು ಗಾಡಿ ಕರೆಸಿ.

ಟ್ರ್ಯಾಕ್ಟರ್ ರಿಪೇರಿಯಾಗಿ ಮೊನ್ನೆ ಮನೆಗೆ ಬಂತು. ಹೊಸ ಕಂಬಿ, ಹೊಸ ಪಿನ್ನು. ಪಿನ್ ಕಳೆಯಬಾರದು ಅಂತ ಅಕ್ಕನ ಮಗ ಎರಡಕ್ಕೂ ಸಣ್ಣ ಸರಪಳಿ ಹಾಕಿ ಕಂಬಿಗೇ ಬಿಗಿದಿದ್ದಾನೆ. ಅಂಗಳದ ಚಪ್ಪರವನ್ನು ಒಂದೂವರೆ ಅಡಿ ಎತ್ತರಿಸಿ ಕಟ್ಟಿಸಿದೆ. ಅದಕ್ಕೆ ಬೇಕಾಗಿದ್ದು ನಾಲ್ಕು ಅಡಿಕೆ ದಬ್ಬೆ, ಒಬ್ಬ ಆಳಿನ ಒಂದು ದಿನದ ಕೂಲಿ.