ಸೈನಿಕ ಕುಟುಂಬಗಳಿಗೆ ಹೆರಿಗೆ ಫೋಟೊಗ್ರಫಿ: ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ

ಅಮೆರಿಕದ ಸ್ಯಾನ್ ಡಿಯಾಗೊ, ವರ್ಜೀನಿಯಾದ ನಾರ್ಫೋಕ್, ನಾರ್ತ್ ಕ್ಯಾರೊಲಿನಾದ ಫೋರ್ಟ್ ಬ್ರ್ಯಾಗ್‌ನಂಥ ದೊಡ್ಡ ಸೇನಾ ನೆಲೆಗಳ ಸುತ್ತಮುತ್ತ ಹೆರಿಗೆಯನ್ನೇ ಚಿತ್ರಿಸುವ ಫೋಟೊಗ್ರಾಫರ್‌ಗಳು ಸಿಗುತ್ತಾರೆ. ಇವರು ಪೋಸ್ ಕೊಡಿಸುವುದಿಲ್ಲ, ಲೈಟು ಹಾಕುವುದಿಲ್ಲ. ನೋವು ಬಲವಾದಲ್ಲಿಂದ ಮಗು ತಾಯಿಯ ಎದೆಗೆ ಬರುವವರೆಗೆ ನಡೆದದ್ದನ್ನು ನಡೆದ ಹಾಗೆ ಹಿಡಿಯುತ್ತಾರೆ. ಗಂಡ ಹಡಗಿನಲ್ಲೋ ದೂರದೇಶದ ನೆಲೆಯಲ್ಲೋ ಇರುವ ಮನೆಗೆ ಇದು ಶೋಕಿಯ ಮಾತಲ್ಲ, ಅವನಿಗೆ ತಪ್ಪಿಹೋದ ಆ ಕೆಲವು ಗಂಟೆ ಮತ್ತೆ ಸಿಗುವ ದಾರಿ ಇದೊಂದೇ. ಸಾಮಾನ್ಯವಾಗಿ ಸಾವಿರದಿಂದ ಮೂರು ಸಾವಿರ ಡಾಲರ್ ಆಸುಪಾಸಿನ ಈ ಸೇವೆಯ ನಿಜವಾದ ಬೆಲೆ ಆಲ್ಬಂನಲ್ಲಿಲ್ಲ. ರಾತ್ರಿ ಎರಡು ಗಂಟೆಗೆ ಕರೆದರೆ ಬರುವ ವ್ಯವಸ್ಥೆಯಲ್ಲಿದೆ, ಚಿತ್ರ ಅಪ್ಪನನ್ನು ತಲುಪುವ ವೇಗದಲ್ಲಿದೆ.

ಮೊದಲು ವಿಮೆಯ ವಿಷಯ. ಸೈನಿಕ ಕುಟುಂಬಗಳ ಆರೋಗ್ಯ ವಿಮೆಯಾದ ಟ್ರೈಕೇರ್ 2022ರ ಜನವರಿಯಲ್ಲಿ ಪ್ರಾಯೋಗಿಕ ಯೋಜನೆಯಡಿ ಡೌಲಾ (ಹೆರಿಗೆಯ ಹೊತ್ತಿಗೆ ಜೊತೆಗಿದ್ದು ನೆರವಾಗುವ ಸಹಾಯಕಿ) ಸೇವೆಗೆ ಹಣ ಕೊಡಲು ಶುರುಮಾಡಿತು, ಫೋಟೊಗ್ರಫಿಗೆ ಕೊಡುವುದಿಲ್ಲ. ಡೌಲಾ ಮತ್ತು ಫೋಟೊಗ್ರಾಫರ್ ಎರಡೂ ತಾನೇ ಎನ್ನುವವರಿದ್ದಾರೆ. ಗಂಡ ಜೊತೆಗಿಲ್ಲದ ಹೆರಿಗೆಗೆ ಆ ಪ್ಯಾಕೇಜ್ ಬೇಡ. ನೋವಿನ ಉತ್ತುಂಗದಲ್ಲಿ ಸೊಂಟ ಒತ್ತುವ ಕೈಯೇ ಕ್ಯಾಮೆರಾ ಹಿಡಿಯಲಾರದು, ಎರಡರಲ್ಲಿ ಒಂದು ಕೆಡುತ್ತದೆ.

ಒಪ್ಪಂದದಲ್ಲಿ ಮೊದಲು ನೋಡಬೇಕಾದ್ದು ಆನ್‌ಕಾಲ್ ಅವಧಿ, ಅಂದರೆ ಕರೆದ ಕೂಡಲೇ ಬರಲು ಸಿದ್ಧವಿರುವ ಕಾಲ. ಬಸಿರಿನ 38ನೇ ವಾರದಿಂದ ಹೆರಿಗೆಯಾಗುವವರೆಗೆ, ಹಗಲೂ ರಾತ್ರಿ ಎಂದು ಬರೆದಿರಬೇಕು. ಬದಲಿ ಫೋಟೊಗ್ರಾಫರ್ ಯಾರೆಂಬುದು ಹೆಸರು ಸಮೇತ ಗೊತ್ತಿರಬೇಕು, ಆಕೆಯ ಕೆಲಸದ ಮಾದರಿಯನ್ನೂ ನೋಡಿರಬೇಕು. ಸೇನಾ ನೆಲೆಗಳ ಬಳಿ ಇದಕ್ಕೆ ಇನ್ನೊಂದು ಕಾರಣವಿದೆ. ಇಲ್ಲಿನ ಎಷ್ಟೋ ಫೋಟೊಗ್ರಾಫರ್‌ಗಳು ಸ್ವತಃ ಸೈನಿಕರ ಮಡದಿಯರು. ಅವರ ಬಳಿ ಸೇನೆಯ ಗುರುತಿನ ಚೀಟಿ ಇರುವುದರಿಂದ ಗೇಟು ದಾಟುವುದು ಸುಲಭ, ಆದರೆ ಗಂಡನ ವರ್ಗಾವಣೆ ಆದೇಶ ಬಂದರೆ ನಿಮ್ಮ ಹೆರಿಗೆಗೆ ಮೊದಲೇ ಊರು ಬಿಡಬೇಕಾದೀತು. ಬುಕ್ ಮಾಡುವಾಗಲೇ ಇದನ್ನು ಸಂಕೋಚವಿಲ್ಲದೆ ಕೇಳಿ.

ಗುರುತಿನ ಚೀಟಿ ಇಲ್ಲದ ಫೋಟೊಗ್ರಾಫರ್ ಆದರೆ ಗೇಟೇ ದೊಡ್ಡ ತೊಡಕು. ಆಸ್ಪತ್ರೆ ನೆಲೆಯ ಒಳಗಿದ್ದರೆ ಸಂದರ್ಶಕರ ಪಾಸ್ ಬೇಕು, ಹಿನ್ನೆಲೆ ತಪಾಸಣೆ ಆಗಬೇಕು, ಗುರುತಿನ ಚೀಟಿ ಇರುವವರೊಬ್ಬರು ಅವರ ಹೊಣೆ ಹೊರಬೇಕು. ಪಾಸ್ ಕೊಡುವ ಕಚೇರಿ ನಡುರಾತ್ರಿ ಮುಚ್ಚಿರುವುದೇ ಹೆಚ್ಚು, ಹೆರಿಗೆ ನೋವು ಕಚೇರಿ ಸಮಯ ನೋಡಿ ಬರುವುದಿಲ್ಲ. 36ನೇ ವಾರದೊಳಗೆ ಪಾಸ್ ಮಾಡಿಸಿ, ಅದರ ಅವಧಿ 42ನೇ ವಾರದವರೆಗೂ ಇದೆಯೇ ಎಂದು ನೋಡಿಕೊಳ್ಳಿ. ಭದ್ರತಾ ಮಟ್ಟ ಏರಿಸಿದ ದಿನ ಪಾಸ್ ಇದ್ದರೂ ಒಳಗೆ ಬಿಡದೆ ಇರಬಹುದು, ಅದಕ್ಕೇ ಗುರುತಿನ ಚೀಟಿ ಇರುವವರೊಬ್ಬರು ಬದಲಿಯಾಗಿರುವುದು ಒಳ್ಳೆಯದು. ಭಾರತದಿಂದ ಬಾಣಂತನಕ್ಕೆ ತಾಯಿ ಬರುತ್ತಿದ್ದರೆ ಅವರ ಪಾಸಿನ ಕೆಲಸವನ್ನು ಇನ್ನೂ ಮುಂಚೆ ಶುರುಮಾಡಿ. ವಿದೇಶಿ ಪ್ರಜೆಗಳ ತಪಾಸಣೆಗೆ ಹೆಚ್ಚು ಸಮಯ ಹಿಡಿಯುತ್ತದೆ.

ಹೆರಿಗೆ ಕೋಣೆಯಲ್ಲಿ ಎಷ್ಟು ಜನ ಇರಬಹುದು ಎಂಬ ಲೆಕ್ಕದಲ್ಲಿ ಫೋಟೊಗ್ರಾಫರ್ ಕೂಡ ಒಬ್ಬರು. ಸಿಸೇರಿಯನ್ ಆದರೆ ಲೆಕ್ಕ ಇನ್ನೂ ಬಿಗಿ, ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಕೋಣೆಗೆ ಬಿಡುವುದು ಒಬ್ಬರನ್ನು ಮಾತ್ರ. ನಿಮ್ಮ ಅಮ್ಮನೋ, ಡೌಲಾನೋ, ಫೋಟೊಗ್ರಾಫರೋ? ಇದನ್ನು ನೋವಿನ ಮಧ್ಯೆ ತೀರ್ಮಾನಿಸಲಾಗದು. ಅರಿವಳಿಕೆ ತಜ್ಞರ ಒಪ್ಪಿಗೆಯೂ ಬೇಕು. ಪೂರ್ಣ ಅರಿವಳಿಕೆ ಕೊಟ್ಟು ಮಾಡುವ ತುರ್ತು ಸಿಸೇರಿಯನ್‌ಗೆ ಸಾಮಾನ್ಯವಾಗಿ ಯಾರನ್ನೂ ಬಿಡುವುದಿಲ್ಲ. ಹಾಗಾದಾಗ ಫೋಟೊಗ್ರಾಫರ್ ಹೊರಗೆ ಕಾದಿದ್ದು ಚೇತರಿಕೆ ಕೋಣೆಯಲ್ಲಿ ತಾಯಿ ಮಗುವನ್ನು ಮೊದಲು ನೋಡುವ ಕ್ಷಣದಿಂದ ಮುಂದುವರಿಸುತ್ತಾರೆ ಎಂಬ ಸಾಲು ಒಪ್ಪಂದದಲ್ಲಿರಲಿ. ಕೆಲವು ವಾರ್ಡುಗಳು ಫೋಟೊ ಬಿಟ್ಟರೂ ಮಗು ಹೊರಬರುವ ಹೊತ್ತಿನ ವಿಡಿಯೊ ಬಿಡುವುದಿಲ್ಲ. ಅದನ್ನು ವಿಚಾರಿಸದೆ ವಿಡಿಯೊ ಪ್ಯಾಕೇಜಿಗೆ ಹೆಚ್ಚುವರಿ ಹಣ ಕಟ್ಟಬೇಡಿ.

ಇನ್ನು ಚಿತ್ರದ ಗುಣಮಟ್ಟ. ಫೋಟೊಗ್ರಾಫರ್ ಬಳಿ ಎರಡು ಕ್ಯಾಮೆರಾ ಬಾಡಿ ಇರಲೇಬೇಕು. ಒಂದಕ್ಕೆ ಅಗಲ ನೋಟದ 35 ಮಿಮೀ, ಇನ್ನೊಂದಕ್ಕೆ ದೂರದಿಂದಲೇ ಹತ್ತಿರ ತೋರಿಸುವ 85 ಮಿಮೀ ಲೆನ್ಸ್ ಇದ್ದರೆ ಸಾಕು. ಫ್ಲ್ಯಾಶ್ ಬಳಸುವಂತಿಲ್ಲ. ಮಬ್ಬು ಕೋಣೆಯಲ್ಲಿ ಲೆನ್ಸಿನ ತೆರವು ಎಫ್ 1.8, ಶಟರ್ ವೇಗ 1/125 ಸೆಕೆಂಡ್, ಬೆಳಕಿನ ಸಂವೇದನೆ ಐಎಸ್‌ಒ 6400 ಎಂಬುದು ಮಾಮೂಲಿ ಲೆಕ್ಕ. ಇಲ್ಲಿ ಎರಡು ತಪ್ಪು ಪದೇ ಪದೇ ಕಾಣುತ್ತವೆ. ಸದ್ದಾಗದಿರಲೆಂದು ಎಲೆಕ್ಟ್ರಾನಿಕ್ ಶಟರ್ ಹಾಕಿ ವೇಗ ಏರಿಸಿದರೆ ಎಲ್‌ಇಡಿ ದೀಪದ ಮಿಣುಕಿನಿಂದ ಚಿತ್ರದ ಅಡ್ಡಕ್ಕೆ ಪಟ್ಟೆ ಬೀಳುತ್ತದೆ. ಅಮೆರಿಕದ 60 ಹರ್ಟ್ಸ್ ವಿದ್ಯುತ್ತಿಗೆ 1/60 ಅಥವಾ 1/125ರಲ್ಲಿ ನಿಂತರೆ ಇದು ಬಹುಪಾಲು ತಪ್ಪುತ್ತದೆ. ಎರಡನೆಯದು ಕೊನೆಯ ಘಟ್ಟದ್ದು. ವೈದ್ಯರು ತಲೆಯ ಮೇಲಿನ ದೊಡ್ಡ ದೀಪ ಹಾಕಿದ ಕೂಡಲೇ ಬೆಳಕು ಹಲವು ಪಟ್ಟು ಏರಿ ಚಿತ್ರದಲ್ಲಿ ಮಗುವಿನ ಮೈ ವಿವರವೇ ಕಾಣದಷ್ಟು ಬೆಳ್ಳಗಾಗುತ್ತದೆ, ತಾಯಿಯ ಮುಖ ಕತ್ತಲಲ್ಲಿ ಮುಳುಗುತ್ತದೆ. ಅನುಭವಿಗಳು ಆ ದೀಪ ಬರುವುದನ್ನು ಎದುರುನೋಡುತ್ತಾ ಎಕ್ಸ್‌ಪೋಷರನ್ನು (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣವನ್ನು) ಮಗುವಿನ ಚರ್ಮಕ್ಕೆ ಹೊಂದಿಸಿರುತ್ತಾರೆ.

ಆಯ್ಕೆ ಮಾಡುವಾಗ ಹತ್ತು ಹೆರಿಗೆಗಳ ಅತ್ಯುತ್ತಮ ಚಿತ್ರ ಕೇಳಬೇಡಿ, ಒಂದೇ ಹೆರಿಗೆಯ ಪೂರ್ತಿ ಗ್ಯಾಲರಿ ಕೇಳಿ. ಅದರಲ್ಲಿ ಮಗು ಹೊರಬಂದ ಮೊದಲ ಐದು ನಿಮಿಷ ಬಣ್ಣದಲ್ಲಿದೆಯೇ ನೋಡಿ. ಹುಟ್ಟಿದ ಕ್ಷಣದ ನೀಲಿ ಛಾಯೆ, ಮೈಗಂಟಿದ ಬೆಣ್ಣೆಯಂಥ ಬಿಳಿ ಪದರ, ಆಮೇಲೆ ಅಳುತ್ತಾ ಕೆಂಪಾಗುವುದು, ಮಿಡಿಯುತ್ತಿದ್ದ ಹೊಕ್ಕುಳಬಳ್ಳಿ ಕೆಲವು ನಿಮಿಷಗಳಲ್ಲಿ ಬಿಳಿಚಿಕೊಳ್ಳುವುದು, ಇವೆಲ್ಲ ಅಪ್ಪ ಅಲ್ಲಿದ್ದಿದ್ದರೆ ಕಾಣುತ್ತಿದ್ದವು. ಎಲ್ಲವನ್ನೂ ಕಪ್ಪುಬಿಳುಪು ಮಾಡಿದರೆ ಬೆಳಕಿನ ತಪ್ಪು ಮುಚ್ಚುತ್ತದೆ, ಜೊತೆಗೆ ಇದೂ ಹೋಗುತ್ತದೆ. ಕ್ಯಾಮೆರಾ ನಿಂತ ಜಾಗವೂ ಮುಖ್ಯ. ತಾಯಿಯ ತಲೆಯ ಪಕ್ಕ, ಭುಜದ ಹಿಂದೆ, ಗಂಡ ನಿಂತಿರಬೇಕಿದ್ದ ಎತ್ತರದಿಂದ ತೆಗೆದ ಚಿತ್ರಗಳು ತಾಯಿಯ ಮರ್ಯಾದೆಯನ್ನೂ ಕಾಯುತ್ತವೆ, ದೂರದಲ್ಲಿರುವವನನ್ನು ಆ ಜಾಗದಲ್ಲೇ ನಿಲ್ಲಿಸುತ್ತವೆ. ಹೀಗೆ ಯೋಚಿಸಿ ನಿಲ್ಲುವ ಫೋಟೊಗ್ರಾಫರ್ ಸಿಕ್ಕರೆ ಬೇರೆ ಕೊರತೆಗಳನ್ನು ಸಹಿಸಬಹುದು.

ಚಿತ್ರ ಕಳಿಸುವ ವಿಷಯದಲ್ಲೇ ಹೆಚ್ಚಿನ ಪ್ಯಾಕೇಜ್‌ಗಳು ಸೋಲುತ್ತವೆ. ಮೂರು ವಾರದ ನಂತರ ಬರುವ ಆನ್‌ಲೈನ್ ಗ್ಯಾಲರಿಯ ಕೊಂಡಿ ಹಡಗಿನ ನೆಟ್‌ವರ್ಕಿನಲ್ಲಿ ತೆರೆಯುವುದೇ ಅನುಮಾನ. ಹೆರಿಗೆಯಾದ 24 ಗಂಟೆಯೊಳಗೆ ಆರೆಂಟು ಜೆಪೆಗ್ ಚಿತ್ರ, ಉದ್ದ ಬದಿ 1200 ಪಿಕ್ಸೆಲ್, ಒಂದೊಂದೂ 300 ಕೆಬಿಯೊಳಗೆ, ಒಂದೊಂದು ಇಮೇಲಿಗೆ ಎರಡರಂತೆ ಕಳಿಸಬೇಕೆಂದು ಬರೆಸಿಕೊಳ್ಳಿ. ನೌಕಾಪಡೆಯಲ್ಲಿ ರಿವರ್ ಸಿಟಿ ಎನ್ನುವ ಸ್ಥಿತಿ ಜಾರಿಯಾದರೆ ಹಡಗಿನ ಖಾಸಗಿ ಸಂಪರ್ಕ ಕಡಿತವಾಗುತ್ತದೆ. ಮಗು ಹುಟ್ಟಿದ ಸುದ್ದಿಯನ್ನು ಮುಟ್ಟಿಸಲು ಅಮೆರಿಕನ್ ರೆಡ್ ಕ್ರಾಸ್ ಇದೆ. ಚಿತ್ರಗಳು ಸಂಪರ್ಕ ತೆರೆದ ಮೇಲೆಯೇ ಹೋಗಬೇಕು, ಆದ್ದರಿಂದ ಅವನ್ನು ಮತ್ತೊಮ್ಮೆ ಕಳಿಸುವ ಜವಾಬ್ದಾರಿ ಯಾರದ್ದೆಂದು ಗೊತ್ತುಮಾಡಿಕೊಳ್ಳಿ. ವಿಡಿಯೊ ಕರೆ ಸಾಧ್ಯವಿದ್ದರೆ ಅದಕ್ಕೆ ಸ್ಟ್ಯಾಂಡ್ ಸಮೇತ ಬೇರೆ ಟ್ಯಾಬ್ಲೆಟ್ ಇರಲಿ, ಫೋಟೊಗ್ರಾಫರ್ ಕೈಗೆ ಅದನ್ನು ಕೊಡಬೇಡಿ. ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿದರೆ ಚಿತ್ರದಲ್ಲಿ ಅವನ ಮುಖವೂ ಕಾಣುತ್ತದೆ.

ಗೋಪ್ಯತೆಯಲ್ಲಿ ಸಡಿಲ ಬಿಡುವ ಫೋಟೊಗ್ರಾಫರನ್ನು ಯಾವ ರಿಯಾಯಿತಿಗೂ ಒಪ್ಪಬೇಡಿ. ಸಮವಸ್ತ್ರದ ಹೆಸರುಪಟ್ಟಿ, ತುಕಡಿಯ ಲಾಂಛನ, ಟೋಪಿಯ ಮೇಲಿನ ಹಡಗಿನ ಹೆಸರು, ಹೆಸರು ವಿವರ ಬರೆದಿರುವ ಆಸ್ಪತ್ರೆ ಗೋಡೆಯ ಬಿಳಿ ಹಲಗೆ, ಆಸ್ಪತ್ರೆಯ ಕೈಪಟ್ಟಿ, ಮರಳಿ ಬರುವ ದಿನ ಎಣಿಸುವ ಫಲಕ, ಇವು ಯಾವುವೂ ಸಾರ್ವಜನಿಕವಾಗಿ ಹಾಕುವ ಚಿತ್ರದಲ್ಲಿ ಇರಬಾರದು. ಜಿಪಿಎಸ್ ಮಾಹಿತಿ ಅಳಿಸಿರಬೇಕು. ಅವನು ಮನೆಗೆ ಬರುವವರೆಗೆ ಪ್ರಚಾರಕ್ಕೆ ಒಂದು ಚಿತ್ರವನ್ನೂ ಬಳಸುವುದಿಲ್ಲವೆಂಬ ಷರತ್ತಿಗೆ ಒಳ್ಳೆಯವರು ತಕರಾರಿಲ್ಲದೆ ಸಹಿ ಹಾಕುತ್ತಾರೆ.

ವರ್ಗಾವಣೆಯಾದರೆ ಕಾನೂನೇ ಮುಂಗಡ ವಾಪಸ್ ಕೊಡಿಸುತ್ತದೆ ಎಂಬ ತಪ್ಪು ತಿಳಿವಳಿಕೆ ಇದೆ. ಸೈನಿಕರ ನಾಗರಿಕ ಪರಿಹಾರ ಕಾಯ್ದೆ ಮನೆ ಬಾಡಿಗೆ, ವಾಹನ ಲೀಸ್, ಫೋನ್ ಕರಾರುಗಳನ್ನು ರದ್ದುಮಾಡಲು ಬಿಡುತ್ತದೆ, ಫೋಟೊ ಒಪ್ಪಂದ ಆ ಪಟ್ಟಿಯಲ್ಲಿಲ್ಲ. ಆದೇಶ ಬಂದು ಊರು ಬದಲಾದರೆ ಮುಂಗಡ ವಾಪಸ್, ಇಲ್ಲವೇ ಅವನು ಮರಳಿ ಬರುವ ದಿನದ ಚಿತ್ರೀಕರಣಕ್ಕೆ ವರ್ಗಾವಣೆ ಎಂದು ಬರೆಸಿಕೊಳ್ಳಬೇಕು.

ಗಂಡ ಹೆರಿಗೆಗೆ ಜೊತೆಗಿರುತ್ತಾನೆ ಎಂದಾದರೆ ಅಗ್ಗದ ಫ್ರೆಶ್ 48, ಅಂದರೆ ಮೊದಲ 48 ಗಂಟೆಯೊಳಗೆ ಬಂದು ತೆಗೆಯುವ ಸೇವೆ, ಸಾಕಾಗಬಹುದು. ಅವನು ಇರದಿದ್ದರೆ ಆಲ್ಬಂ, ಗೋಡೆ ಚಿತ್ರ ಎಲ್ಲ ಬಿಟ್ಟು ಪೂರ್ಣ ಹೆರಿಗೆಯ ಚಿತ್ರೀಕರಣಕ್ಕೇ ಹಣ ಹಾಕಿ. ಎರಡನೇ ಹೆರಿಗೆಗೆ ಫೋಟೊಗ್ರಾಫರನ್ನು ಬೇಗ ಕರೆಯಬೇಕು. ಮೊದಲನೆಯದಕ್ಕೆ ಗರ್ಭಕೊರಳು ಸುಮಾರು ಆರು ಸೆಂಟಿಮೀಟರ್ ತೆರೆದಾಗ ಕರೆಯುವುದು ವಾಡಿಕೆ, ಎರಡನೆಯದರಲ್ಲಿ ಅಷ್ಟು ಕಾದರೆ ಅವರು ಗೇಟಿನಲ್ಲಿರುವಾಗಲೇ ಮಗು ಹುಟ್ಟಿಬಿಡಬಹುದು.