ಲೈವ್ ಚೆನ್ನಾಗಿದೆ ಅಂತ ನಂಬಬೇಡಿ: ಕಡಿಮೆ ಬೆಲೆಯ ಕ್ಯಾಮೆರಾ ಹಾಕಿಸುವ ಮುಂಚೆ ಇದನ್ನು ಓದಿ

ಮನೆಗೆ ಕಡಿಮೆ ಬೆಲೆಯ ವೈಫೈ ಕ್ಯಾಮೆರಾ ಹಾಕಿಸಬೇಕು ಅಂತಿದ್ದೀರಾ? ಹಾಕಿಸಿ, ಬೇಡ ಅನ್ನುವುದಿಲ್ಲ. ಆದರೆ ಫೋನಿನಲ್ಲಿ ಲೈವ್ ಚಿತ್ರ ಬಂದ ತಕ್ಷಣ ದುಡ್ಡು ಕೊಟ್ಟು ಕಳಿಸಬೇಡಿ. ಮಾರುವವರು ತೋರಿಸುವುದು ಲೈವ್ ಮಾತ್ರ. ಏನಾದರೂ ಆದಾಗ ನಮಗೆ ಬೇಕಾಗುವುದು ರೆಕಾರ್ಡಿಂಗ್. ಇವೆರಡೂ ಬೇರೆ ಬೇರೆ. ಒಂದು ಚೆನ್ನಾಗಿದ್ದು ಇನ್ನೊಂದು ಪೂರ್ತಿ ಕೈಕೊಡಬಹುದು. ನಮ್ಮ ಮನೆಯಲ್ಲಿ ಆಗಿದ್ದು ಅದೇ.

ಬಾಗಿಲ ಮುಂದೆ ನಿಲ್ಲಿಸಿದ್ದ ಮಗಳ ಸೈಕಲ್ ರಾತ್ರೋರಾತ್ರಿ ಹೋಯಿತು. ಕ್ಯಾಮೆರಾ ಇದ್ದದ್ದು ಅದರ ಮೇಲೆಯೇ. ಹಿಂದಿನ ಸಂಜೆ ಕೂಡ ಹೊರಗಿನಿಂದ ಆ್ಯಪ್ ತೆರೆದು ನೋಡಿದ್ದೆವು, ಗಿಡದ ಎಲೆ ಎಣಿಸುವಷ್ಟು ಸ್ಪಷ್ಟವಾಗಿ ಕಂಡಿತ್ತು. ಬೆಳಿಗ್ಗೆ ಪ್ಲೇಬ್ಯಾಕ್ ಒತ್ತಿದರೆ ಗಂಟೆಗಳ ಪಟ್ಟಿ ಬಂತು, ಒಳಗೆ ವಿಡಿಯೊ ಇಲ್ಲ. ಕೆಲವು ಫೈಲ್ ಶುರುವಾಗಿ, ಒಂದೆರಡು ಸೆಕೆಂಡ್ ಓಡಿ, ಪರದೆ ಪೂರ್ತಿ ಬೂದು ಬಣ್ಣಕ್ಕೆ ತಿರುಗಿ ನಿಂತವು. ಸೆಟ್ಟಿಂಗ್ಸ್‌ಗೆ ಹೋಗಿ, ರೆಕಾರ್ಡಿಂಗ್ ಉಳಿಯುವ ಮೆಮೊರಿ ಕಾರ್ಡ್ ಹೇಗಿದೆ ನೋಡಿದರೆ ಅಲ್ಲಿ ಎಲ್ಲವೂ ಸರಿ: 128 ಜಿಬಿ, ನಾರ್ಮಲ್.

ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕಿ ಪರೀಕ್ಷೆ ಮಾಡಿದ ಮೇಲೆ ವಿಷಯ ಗೊತ್ತಾಯಿತು. ಕ್ಯಾಮೆರಾ ಜೊತೆ 'ಫ್ರೀ' ಅಂತ ಕೊಟ್ಟಿದ್ದ ಕಾರ್ಡ್ ನಕಲಿ. ಮೇಲೆ 128 ಅಂತ ಅಚ್ಚು ಹಾಕಿದ್ದಾರೆ, ಒಳಗಿನ ಜಾಗ ಅದರಲ್ಲಿ ಸಣ್ಣ ಪಾಲು. ಇಂಥ ಕಾರ್ಡಿನ ಒಳಗಿರುವ ಕಂಟ್ರೋಲರ್ ಚಿಪ್‌ಗೆ ಸುಳ್ಳು ಹೇಳುವಂತೆ ಬರೆದಿರುತ್ತಾರೆ. ಕ್ಯಾಮೆರಾ ಕೇಳಿದರೂ, ಕಂಪ್ಯೂಟರ್ ಕೇಳಿದರೂ 128 ಅಂತಲೇ ಹೇಳುತ್ತದೆ. ನಿಜವಾದ ಜಾಗ ಮುಗಿದ ಮೇಲೆ ಬರೆದದ್ದೆಲ್ಲ ಎಲ್ಲೂ ಉಳಿಯುವುದಿಲ್ಲ, ಇಲ್ಲವೇ ಹಳೆಯದರ ಮೇಲೆ ಹೋಗಿ ಕೂರುತ್ತದೆ. ಫೈಲ್‌ಗಳ ಪಟ್ಟಿ ಕಾರ್ಡಿನ ಮೊದಲ ಭಾಗದಲ್ಲಿ ಇರುವುದರಿಂದ ಅದಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹಾಗಾಗಿ ಹೆಸರು, ಸಮಯ ಎಲ್ಲ ಕಾಣುತ್ತದೆ, ವಿಡಿಯೊ ಮಾತ್ರ ಇರುವುದಿಲ್ಲ. ಮೊದಲ ಕೆಲವು ದಿನ ಎಲ್ಲವೂ ಸರಿಯಾಗಿಯೇ ಇರುತ್ತದೆ, ಯಾಕೆಂದರೆ ನಿಜವಾದ ಜಾಗ ಇನ್ನೂ ತುಂಬಿರುವುದಿಲ್ಲ. ಮೋಸ ಅಡಗಿರುವುದೇ ಅಲ್ಲಿ. ಹಾಕಿದ ದಿನ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಮಾರಿದವರಿಗೆ ಫೋನ್ ಮಾಡಿದಾಗ ಬಂದ ಉತ್ತರ: "ಲೈವ್ ಬರ್ತಾ ಇದೆಯಲ್ಲ ಮೇಡಂ? ಕಾರ್ಡಿಗೆ ವಾರಂಟಿ ಇಲ್ಲ."

ಆದ್ದರಿಂದ ಕಾರ್ಡ್ ಬೇರೆಯಾಗಿ, ನಂಬಿಕೆಯ ಕಡೆ ಕೊಳ್ಳಿ. ಕ್ಯಾಮೆರಾಗೆ ಹಾಕುವ ಮುಂಚೆ ಅದನ್ನು ಪೂರ್ತಿ ತುಂಬಿಸಿ, ಮತ್ತೆ ಓದಿ ಹೋಲಿಸಿ ನೋಡುವ ಉಚಿತ ತಂತ್ರಾಂಶಗಳಿವೆ. ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್ ಮತ್ತು ಮ್ಯಾಕ್‌ಗೆ ಎಫ್3. ಗಂಟೆಗಟ್ಟಲೆ ಹಿಡಿಯುತ್ತದೆ, ಆದರೂ ಬಿಡಬೇಡಿ. ಇನ್ನೊಂದು ವಿಷಯ, ಕಾರ್ಡ್ ಅಸಲಿಯೇ ಆಗಿದ್ದರೂ ಫೋಟೊ ತೆಗೆಯಲು ಮಾಡಿದ ಸಾಮಾನ್ಯ ಕಾರ್ಡ್ ಈ ಕೆಲಸಕ್ಕೆ ಬಾಳಿಕೆ ಬರುವುದಿಲ್ಲ. ಕ್ಯಾಮೆರಾ ಹಗಲು ರಾತ್ರಿ ಬರೆಯುತ್ತಲೇ ಇರುತ್ತದೆ. ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕದಲ್ಲಿ ದಿನಕ್ಕೆ ಸುಮಾರು 21.6 ಜಿಬಿ ಆಗುತ್ತದೆ. ಅಂದರೆ 32 ಜಿಬಿ ಕಾರ್ಡ್ ಸುಮಾರು ಒಂದೂವರೆ ದಿನಕ್ಕೆ ತುಂಬಿ, ಮತ್ತೆ ಮೊದಲಿನಿಂದ ಅಳಿಸಿ ಬರೆಯಲು ಶುರು ಮಾಡುತ್ತದೆ. ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದರೆ ಮೊದಲ ದಿನದ್ದು ಸಿಗುವುದಿಲ್ಲ ಅನ್ನುವುದನ್ನು ಯಾರೂ ಹೇಳಿ ಮಾರುವುದಿಲ್ಲ. ಹೀಗೆ ಸದಾ ಬರೆಯುವುದಕ್ಕೆಂದೇ 'ಹೈ ಎಂಡ್ಯೂರೆನ್ಸ್' ಅಂತ ಗುರುತು ಹಾಕಿದ ಕಾರ್ಡ್ ಬರುತ್ತದೆ. ಅದನ್ನೇ ಕೇಳಿ. ಬೆಲೆ ಸ್ವಲ್ಪ ಜಾಸ್ತಿ, ಆದರೆ ಉಳಿಸುವ ಜಾಗ ಇದಲ್ಲ.

ಇನ್ನು ಆ ರಾತ್ರಿಯ ಒಂದೇ ಒಂದು ತುಣುಕು ಸಿಕ್ಕಿತು. ಎಲ್ಲಿ ಗೊತ್ತಾ? ಕಾರ್ಡಿನೊಳಗೆ 1970 ಅಂತ ಹೆಸರಿದ್ದ ಫೋಲ್ಡರಿನಲ್ಲಿ. ಆ್ಯಪ್‌ನ ಕ್ಯಾಲೆಂಡರ್‌ನಲ್ಲಿ ಅಷ್ಟು ಹಿಂದಕ್ಕೆ ಹೋಗುವುದಕ್ಕೇ ಆಗುವುದಿಲ್ಲ. ಕಂಪ್ಯೂಟರಿನಲ್ಲಿ ಫೋಲ್ಡರ್ ತೆರೆದು ನೋಡಿದ್ದಕ್ಕೆ ಕಂಡಿತು.

ಇದರ ಕಾರಣ ಹುಡುಕುತ್ತಾ ಹೋದರೆ ಸಿಕ್ಕಿದ್ದು ಒಂದು ವೈರ್. ಕ್ಯಾಮೆರಾ ಜೊತೆ ಬಂದ ಕೇಬಲ್ ಪ್ಲಗ್ಗಿನವರೆಗೆ ಸಾಲದೆ, ಹಾಕಲು ಬಂದ ಹುಡುಗ ಅಗ್ಗದ, ತೆಳ್ಳಗಿನ, ಉದ್ದದ ಯುಎಸ್‌ಬಿ ಕೇಬಲ್ ಎಳೆದಿದ್ದ. ವೈರ್ ತೆಳ್ಳಗೆ ಮತ್ತು ಉದ್ದ ಆದಷ್ಟೂ ಆ ತುದಿಯಲ್ಲಿ ವೋಲ್ಟೇಜ್ ಬೀಳುತ್ತದೆ. ಹಗಲು ಅದು ಹೇಗೋ ಸಾಕಾಗುತ್ತದೆ. ಕತ್ತಲಾದ ಮೇಲೆ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಹತ್ತಿದಾಗ ಕರೆಂಟ್ ಜಾಸ್ತಿ ಬೇಕು, ಅದು ಸಿಗದೆ ಕ್ಯಾಮೆರಾ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ರಾತ್ರಿ ಅದರ ಕೆಳಗೆ ಸುಮ್ಮನೆ ನಿಂತು ಕೇಳಿದರೆ 'ಟಿಕ್' ಅಂತ ಒಂದು ಸಣ್ಣ ಸದ್ದು. ಹಗಲಿನ ಚಿತ್ರದಿಂದ ರಾತ್ರಿಯ ಚಿತ್ರಕ್ಕೆ ಬದಲಾಗುವಾಗ ಲೆನ್ಸಿನ ಹಿಂದಿರುವ ಫಿಲ್ಟರ್ ಸರಿಯುವ ಸದ್ದು ಅದು. ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ಕೇಳಬೇಕು. ನಮ್ಮದು ರಾತ್ರಿಯಿಡೀ ಟಿಕ್ ಟಿಕ್ ಅನ್ನುತ್ತಲೇ ಇತ್ತು.

ಅಗ್ಗದ ಕ್ಯಾಮೆರಾಗಳಲ್ಲಿ ಗಡಿಯಾರಕ್ಕೆ ಬೇರೆ ಬ್ಯಾಟರಿ ಇರುವುದು ಕಡಿಮೆ. ಆನ್ ಆದ ಪ್ರತಿ ಸಲ ಇಂಟರ್‌ನೆಟ್‌ನಿಂದ ಸಮಯ ಕೇಳಿ ತಿಳಿಯಬೇಕು. ವೈಫೈ ಸಿಗುವುದಕ್ಕೆ ಮುಂಚೆ ಬರೆದದ್ದಕ್ಕೆ 1970ರ ಜನವರಿ 1 ಅಂತ ಬೀಳುತ್ತದೆ, ಹಲವು ಕಂಪ್ಯೂಟರ್ ವ್ಯವಸ್ಥೆಗಳು ಕಾಲ ಎಣಿಸಲು ಶುರು ಮಾಡುವ ದಿನ ಅದು. ಪೊಲೀಸರ ಮುಂದೆ ಆ ತುಣುಕು ತೋರಿಸಿದಾಗ ಅವರು ಮೊದಲು ಕೇಳಿದ್ದು, ಇದು ಯಾವತ್ತಿನದು ಅಂತ ಹೇಗೆ ಹೇಳುವುದು? ಕರೆಂಟ್ ಹೋಗಿ ಬಂದಾಗಲೂ ಹೀಗೇ ಆಗಬಹುದು, ಯಾಕೆಂದರೆ ಕ್ಯಾಮೆರಾ ಬೇಗ ಏಳುತ್ತದೆ, ರೂಟರ್ ನಿಧಾನ. ರೂಟರಿಗೆ ಸಣ್ಣ ಯುಪಿಎಸ್ ಇಟ್ಟರೆ ಇದು ಬಹಳ ಮಟ್ಟಿಗೆ ತಪ್ಪುತ್ತದೆ. ಕೇಬಲ್ ಮಾತ್ರ ಕ್ಯಾಮೆರಾ ಜೊತೆ ಬಂದದ್ದನ್ನೇ ಬಳಸಿ. ಸಾಲದಿದ್ದರೆ ಪ್ಲಗ್ ಪಾಯಿಂಟನ್ನೇ ಹತ್ತಿರಕ್ಕೆ ಎಳೆಸಿ.

ಸರಿ, ಆ ತುಣುಕಿನಲ್ಲಿ ಕಳ್ಳ ಕಂಡನಾ? ಕಂಡ. ಗೇಟಿನ ಹತ್ತಿರ ಸೈಕಲ್ ತಳ್ಳಿಕೊಂಡು ಹೋಗುವ ಒಬ್ಬ ಮನುಷ್ಯ. ಮುಖದ ಜಾಗದಲ್ಲಿ ಬಿಳಿ ಮಚ್ಚೆ. ಬಾಕ್ಸ್ ಮೇಲೆ 'ಫುಲ್ ಎಚ್‌ಡಿ' ಅಂತ ದೊಡ್ಡದಾಗಿ ಬರೆದಿತ್ತು, ಅದು ಸುಳ್ಳೂ ಅಲ್ಲ. ಆದರೆ ಅದರ ಅರ್ಥ ಅಡ್ಡಕ್ಕೆ 1920 ಚುಕ್ಕೆ (ಪಿಕ್ಸೆಲ್) ಅಂತ ಅಷ್ಟೇ. ಆ ಚುಕ್ಕೆಗಳು ಎಷ್ಟು ಅಗಲದ ಜಾಗಕ್ಕೆ ಹಂಚಿಹೋಗುತ್ತವೆ ಅನ್ನುವುದು ಮುಖ್ಯ. ಗುರುತಿಲ್ಲದ ಮನುಷ್ಯನ ಮುಖ ಗುರುತಿಸಲು ಒಂದು ಮೀಟರ್ ಅಗಲಕ್ಕೆ 250 ಚುಕ್ಕೆ ಬೇಕು ಅಂತ ಐಇಸಿ 62676-4 ಅನ್ನುವ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿ ಹೇಳಿತ್ತು. ಸಾಮಾನ್ಯವಾಗಿ ಬರುವ 2.8 ಮಿಲಿಮೀಟರ್ ಲೆನ್ಸ್ ಸುಮಾರು 100 ಡಿಗ್ರಿ ಅಗಲ ನೋಡುತ್ತದೆ. ಲೆಕ್ಕ ಹಾಕಿದರೆ ಮುಖ ಗುರುತು ಸಿಗುವುದು ಮೂರು ಮೀಟರಿನ ಆಸುಪಾಸಿನವರೆಗೆ ಮಾತ್ರ. ಹತ್ತು ಮೀಟರ್ ದೂರದಲ್ಲಿ ಮೀಟರಿಗೆ 80 ಚುಕ್ಕೆ. ಇಡೀ ಮುಖಕ್ಕೆ ಸಿಗುವುದು ಹನ್ನೆರಡು, ಹದಿಮೂರು ಚುಕ್ಕೆ. ಅದೂ ಹಗಲಿನಲ್ಲಿ. ರಾತ್ರಿ ಬೆಳಕು ಸಾಲದೆ ಕ್ಯಾಮೆರಾ ಶಟರ್ ನಿಧಾನ ಮಾಡಿಕೊಳ್ಳುತ್ತದೆ, ನಡೆಯುವವನ ಮುಖ ಕಲಸಿಹೋಗುತ್ತದೆ.

'ಇಡೀ ಅಂಗಳ ಒಂದೇ ಕ್ಯಾಮೆರಾದಲ್ಲಿ ಬರುತ್ತದೆ' ಅಂತ ಯಾರಾದರೂ ಹೊಗಳಿದರೆ ಅನುಮಾನಪಡಿ. ಎಲ್ಲ ಕಾಣುವ ಕ್ಯಾಮೆರಾದಲ್ಲಿ ಯಾರೂ ಗುರುತು ಸಿಗುವುದಿಲ್ಲ. ಒಳಗೆ ಬರುವವರು ಹಾದುಹೋಗಲೇಬೇಕಾದ ಒಂದು ಜಾಗ ಇರುತ್ತದಲ್ಲ, ಗೇಟೋ ಬಾಗಿಲೋ, ಅಲ್ಲಿಗೆ ಒಂದು ಕ್ಯಾಮೆರಾ ಹತ್ತಿರದಿಂದ ಇರಲಿ. ತೀರಾ ಎತ್ತರಕ್ಕೆ ಹಾಕಿಸಬೇಡಿ, ಟೋಪಿ ಮತ್ತು ನೆತ್ತಿ ಮಾತ್ರ ಕಾಣುತ್ತದೆ. ಮತ್ತು ಅಲ್ಲಿ ರಾತ್ರಿಯಿಡೀ ಒಂದು ಸಣ್ಣ ಬಲ್ಬ್ ಉರಿಯಲಿ. ಕ್ಯಾಮೆರಾ ಎಷ್ಟೇ ಒಳ್ಳೆಯದಿದ್ದರೂ ಆ ಬಲ್ಬ್ ಮಾಡುವ ಉಪಕಾರ ದೊಡ್ಡದು. ಕಿಟಕಿ ಗಾಜಿನ ಒಳಗಿನಿಂದ ಹೊರಗೆ ತಿರುಗಿಸಿ ಇಡುವುದಂತೂ ಬೇಡವೇ ಬೇಡ. ಇನ್‌ಫ್ರಾರೆಡ್ ಬೆಳಕು ಗಾಜಿಗೆ ಬಡಿದು ವಾಪಸ್ ಬಂದು, ರಾತ್ರಿ ಪರದೆ ಪೂರ್ತಿ ಬೆಳ್ಳಗಾಗುತ್ತದೆ.

ಮೋಷನ್ ಅಲರ್ಟ್ ಬಗ್ಗೆ ಎರಡು ಮಾತು. ಅಗ್ಗದ ಕ್ಯಾಮೆರಾ ಬರೀ ಚಿತ್ರ ಬದಲಾಗಿದ್ದನ್ನು ನೋಡಿ ಅಲರ್ಟ್ ಕಳಿಸುತ್ತದೆ. ಲೆನ್ಸ್ ಹತ್ತಿರ ಹಾರುವ ಹುಳ, ಮಳೆ ಹನಿ, ಅಲ್ಲಾಡುವ ಜೇಡರ ಬಲೆ ಎಲ್ಲವೂ ಅದಕ್ಕೆ ಒಂದೇ. ನಾಲ್ಕು ದಿನ ನೋಡಿ ಆಮೇಲೆ ಎಲ್ಲರೂ ನೋಟಿಫಿಕೇಷನ್ ಆಫ್ ಮಾಡುತ್ತಾರೆ. ಮನುಷ್ಯರನ್ನು ಬೇರೆ ಮಾಡಿ ಗುರುತಿಸುವ ಸೌಲಭ್ಯ ಇದೆಯಾ, ಅದು ತಿಂಗಳ ಚಂದಾ ಇಲ್ಲದೆ ಸಿಗುತ್ತದಾ ಅಂತ ಕೊಳ್ಳುವ ಮುಂಚೆಯೇ ಕೇಳಿ. ಜೇಡರ ಬಲೆ ಆಗಾಗ ಒರೆಸಿ.

ಈಗ ನನಗೆ ಅತಿ ಹೆಚ್ಚು ಸಿಟ್ಟು ತರಿಸಿದ ವಿಷಯ. ಸೈಕಲ್ ಹೋದದ್ದಕ್ಕಿಂತ ಇದಕ್ಕೇ ಈ ಬರಹ ಬರೆಯುತ್ತಿದ್ದೇನೆ. ಕ್ಯಾಮೆರಾ ರೀಸೆಟ್ ಮಾಡಿ ಹೊಸದಾಗಿ ಸೇರಿಸಲು ಹೋದರೆ ಆ್ಯಪ್ ಹೇಳಿತು: ಈ ಸಾಧನ ಈಗಾಗಲೇ ಬೇರೆ ಖಾತೆಗೆ ಸೇರಿದೆ. ಯಾರ ಖಾತೆ? ಹಾಕಲು ಬಂದಿದ್ದ ಹುಡುಗನದ್ದು. ಅವನ ಫೋನ್ ನಂಬರಿನಲ್ಲಿ ನೋಂದಣಿ ಮಾಡಿ, ನಮ್ಮ ಫೋನುಗಳಿಗೆ 'ಶೇರ್' ಮಾಡಿ ಹೋಗಿದ್ದ. ಅಷ್ಟು ಕಾಲ ಕ್ಯಾಮೆರಾಗಳ ಮಾಲೀಕ ಅವನು, ನಾವು ಅತಿಥಿಗಳು. ಬಾಗಿಲ ಹೊರಗಿನದು ಮಾತ್ರ ಅಲ್ಲ, ವಯಸ್ಸಾದ ಅತ್ತೆಯನ್ನು ನೋಡಿಕೊಳ್ಳಲು ಹಾಲ್‌ನಲ್ಲಿ ಇಟ್ಟಿದ್ದ ಕ್ಯಾಮೆರಾ ಕೂಡ. ಅವನು ಬೇಕೆಂದಾಗ ನಮ್ಮ ಹಾಲ್ ನೋಡಬಹುದಿತ್ತು, ನಮ್ಮ ಮಾತು ಕೇಳಬಹುದಿತ್ತು. ನಾವು ಯಾವಾಗ ಮನೆಯಲ್ಲಿ ಇರುವುದಿಲ್ಲ ಅಂತ ತಿಳಿಯಬಹುದಿತ್ತು. ನೋಡಿದನೋ ಇಲ್ಲವೋ ಗೊತ್ತಿಲ್ಲ, ಅವನ ಮೇಲೆ ಆರೋಪ ಮಾಡುತ್ತಿಲ್ಲ. ಕೇಳಿದರೆ "ಸರ್ವಿಸ್‌ಗೆ ಅನುಕೂಲ ಆಗಲಿ ಅಂತ, ಎಲ್ಲರ ಮನೆಯಲ್ಲೂ ಹೀಗೇ ಮಾಡೋದು" ಅಂದ. ಎಲ್ಲರ ಮನೆಯಲ್ಲೂ! ಆ ಮಾತು ಕೇಳಿ ಎದೆ ಧಸಕ್ಕೆಂದಿತು.

ನಿಮ್ಮ ಮನೆಯಲ್ಲಿ ಈಗಾಗಲೇ ಕ್ಯಾಮೆರಾ ಇದ್ದರೆ ಇವತ್ತೇ ಆ್ಯಪ್ ತೆರೆದು ನೋಡಿ. ಕ್ಯಾಮೆರಾ ಹೆಸರಿನ ಪಕ್ಕ 'ಶೇರ್ಡ್' ಅಂತಿದೆಯಾ? ಕಾರ್ಡ್ ಫಾರ್ಮ್ಯಾಟ್ ಮಾಡುವ, ಫರ್ಮ್‌ವೇರ್ (ಕ್ಯಾಮೆರಾದೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡುವ ಆಯ್ಕೆಗಳು ಕಾಣುತ್ತಿಲ್ಲವಾ? ಹಾಗಿದ್ದರೆ ಮಾಲೀಕರು ಬೇರೆ ಯಾರೋ ಇರುವ ಸಾಧ್ಯತೆ ಇದೆ. ಹಾಕಿದವರನ್ನು ಕರೆಸಿ, ಅವರ ಫೋನಿನಿಂದ ನಿಮ್ಮ ಕಣ್ಣೆದುರೇ ಸಾಧನ ತೆಗೆಸಿ, ಆಮೇಲೆ ನಿಮ್ಮ ಖಾತೆಗೆ ಸೇರಿಸಿಕೊಳ್ಳಿ. ಎರಡು ಹಂತದ ಪರಿಶೀಲನೆ ಆನ್ ಮಾಡಿ. ವೈಫೈ ಪಾಸ್‌ವರ್ಡನ್ನೂ ಬದಲಾಯಿಸಿ, ಅದನ್ನು ಟೈಪ್ ಮಾಡಿದ್ದು ಅವರೇ ಅಲ್ವಾ?

ಮನೆಗೆ ಬಂದವನ ಮಾತು ಬಿಡಿ, ಮುಖವೇ ಕಾಣದವರೂ ಒಳಗೆ ಬರಬಹುದು. 2016ರಲ್ಲಿ ಮಿರಾಯ್ ಅನ್ನುವ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ಡಿವಿಆರ್ (ವಿಡಿಯೊ ರೆಕಾರ್ಡರ್), ರೂಟರ್‌ಗಳನ್ನು ವಶಕ್ಕೆ ತೆಗೆದುಕೊಂಡಿತು. ಅದು ದೊಡ್ಡ ಜಾಣತನವನ್ನೇನೂ ತೋರಿಸಲಿಲ್ಲ. ಕಾರ್ಖಾನೆಯಲ್ಲೇ ಹಾಕಿ ಕಳಿಸುವ ಸುಮಾರು 60 ಹೆಸರು, ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಒತ್ತಿ ನೋಡಿತು ಅಷ್ಟೇ. ಆ ವರ್ಷದ ಅಕ್ಟೋಬರ್ 21ರಂದು ಅದೇ ಸಾಧನಗಳನ್ನು ಬಳಸಿ ಮಾಡಿದ ದಾಳಿಯಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಹಲವರಿಗೆ ಗಂಟೆಗಟ್ಟಲೆ ತೆರೆಯಲಿಲ್ಲ. 'ಅಡ್ಮಿನ್, 12345' ಇರುವ ಕ್ಯಾಮೆರಾವನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಹೀಗೆ ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಹಾಕಿದ ಸಾಧನ ಮಾರುವಂತಿಲ್ಲ. ಭದ್ರತೆಯ ಅಪ್‌ಡೇಟ್ ಎಲ್ಲಿಯವರೆಗೆ ಕೊಡುತ್ತೇವೆ ಅಂತಲೂ ಕಂಪನಿ ಮೊದಲೇ ಹೇಳಬೇಕು. ನೀವು ಎಲ್ಲೇ ಕೊಂಡರೂ ಈ ಎರಡು ಪ್ರಶ್ನೆ ಕೇಳಿ. ಅಪ್‌ಡೇಟ್ ಬಗ್ಗೆ ಉತ್ತರವೇ ಇಲ್ಲದ, ಕಂಪನಿ ಯಾವುದೆಂದೇ ಗೊತ್ತಾಗದ ಕ್ಯಾಮೆರಾ ಎಷ್ಟೇ ಅಗ್ಗವಿದ್ದರೂ ಬೇಡ. ರೂಟರಿನಲ್ಲಿ ಯುಪಿಎನ್‌ಪಿ ಅನ್ನುವುದು ಆನ್ ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ ಕ್ಯಾಮೆರಾ ನಿಮ್ಮನ್ನು ಕೇಳದೆಯೇ ಹೊರಗಿನವರಿಗೆ ಬಾಗಿಲು ತೆರೆದಿಡಬಹುದು. ರೂಟರಿನಲ್ಲಿ ಗೆಸ್ಟ್ ನೆಟ್‌ವರ್ಕ್, ಅಂದರೆ ಮನೆಯ ಫೋನು ಕಂಪ್ಯೂಟರುಗಳಿಂದ ಬೇರೆಯಾಗಿರುವ ವೈಫೈ, ಸೌಲಭ್ಯ ಇದ್ದರೆ ಕ್ಯಾಮೆರಾಗಳನ್ನು ಅದಕ್ಕೆ ಹಾಕಿ. ಮಲಗುವ ಕೋಣೆಯಲ್ಲಿ ಯಾವ ಕ್ಯಾಮೆರಾವೂ ಬೇಡ.

ಆನ್‌ವಿಫ್ ಅನ್ನುವ ಮಾನದಂಡಕ್ಕೆ ಹೊಂದುವ ಕ್ಯಾಮೆರಾ ಸಿಕ್ಕರೆ ಅದನ್ನೇ ಕೊಳ್ಳಿ. ಬೇರೆ ಕಂಪನಿಯ ರೆಕಾರ್ಡರಿಗೂ ಅದನ್ನು ಜೋಡಿಸಬಹುದು. ಆಗ ಕಳ್ಳ ಕ್ಯಾಮೆರಾವನ್ನೇ ಕಿತ್ತುಕೊಂಡು ಹೋದರೂ ವಿಡಿಯೊ ಮನೆಯೊಳಗೆ ಉಳಿಯುತ್ತದೆ.

ನಮ್ಮ ಹೊರಗಿನ ಕ್ಯಾಮೆರಾವನ್ನು ಆ ಹುಡುಗ ತನ್ನ ಖಾತೆಯಿಂದ ತೆಗೆದ. ಹಾಲ್‌ನದ್ದು ಯಾವುದೋ ಹಳೆಯ ನಂಬರಿನಲ್ಲಿದೆ, ಆ ಸಿಮ್ ಈಗ ಇಲ್ಲ ಅನ್ನುತ್ತಾನೆ. ಅದನ್ನು ಪ್ಲಗ್ಗಿನಿಂದ ಕಿತ್ತು ಇಟ್ಟಿದ್ದೇವೆ. ಖಾತೆ ಬಿಡಿಸಿಕೊಡಲು ಕಂಪನಿಯವರು ಬಿಲ್ ಮತ್ತು ಕ್ಯಾಮೆರಾ ತಳದಲ್ಲಿರುವ ಸ್ಟಿಕ್ಕರಿನ ಫೋಟೊ ಕೇಳಿದ್ದಾರೆ. ಗೋಡೆಗೆ ಹೊಡೆಯುವ ಮುಂಚೆ ಆ ಸ್ಟಿಕ್ಕರಿನ ಫೋಟೊ ತೆಗೆದಿಟ್ಟುಕೊಳ್ಳಿ, ಬಿಲ್ಲನ್ನು ಅದರ ಜೊತೆಗೇ ಇಡಿ.